ಸಾಂಬ್ರಾಕ್ಕೆ ಹೊಸ ಟರ್ಮಿನಲ್ ಬರುತ್ತಿದೆ, ಫ್ಲೈಟ್ ಉಳಿಯುತ್ತವಾ?

ಓದುಗರ ಪ್ರಶ್ನೆ: ನಾನು ಬೈಲಹೊಂಗಲದವನು. ಮಗಳು ಬೆಂಗಳೂರಿನಲ್ಲಿ, ಮಗ ದೆಹಲಿಯಲ್ಲಿ. ನಮಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಹತ್ತಿರ, ಹುಬ್ಬಳ್ಳಿಯೂ ಅಷ್ಟೇನು ದೂರವಲ್ಲ. ಎರಡೂ ಕಡೆ ಹೊಸ ಟರ್ಮಿನಲ್ ಅಂತ ಸುದ್ದಿ. ಆದರೆ ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ, ಹೊಸ ಫ್ಲೈಟ್ ಬರುತ್ತದೆ, ಒಂದಷ್ಟು ದಿನ ಹಾರುತ್ತದೆ, ಆಮೇಲೆ ಸದ್ದಿಲ್ಲದೆ ನಿಲ್ಲುತ್ತದೆ. ಯಾಕೆ ಹೀಗೆ? ಕಟ್ಟಡ ದೊಡ್ಡದಾದರೆ ಫ್ಲೈಟ್ ಜಾಸ್ತಿ ಆಗುತ್ತವಾ? ಇನ್ನೊಂದು ವಿಷಯ. ನಮ್ಮ ಅವ್ವನಿಗೆ 78 ವರ್ಷ, ಮಂಡಿ ನೋವು, ಒಮ್ಮೆಯೂ ವಿಮಾನ ಹತ್ತಿಲ್ಲ. ಅವಳನ್ನು ಮಗಳ ಮನೆಗೆ ಕರೆದುಕೊಂಡು ಹೋಗಬೇಕು. ಸಣ್ಣ ನಿಲ್ದಾಣದಲ್ಲಿ ವ್ಯವಸ್ಥೆ ಸಿಗುತ್ತದಾ?

ಉತ್ತರ:

ಟರ್ಮಿನಲ್ ದೊಡ್ಡದಾದರೆ ನಿಮಗೆ ಕೂರುವ ಜಾಗ ಸಿಗುತ್ತದೆ, ಸಾಲು ಚಿಕ್ಕದಾಗುತ್ತದೆ, ಮಳೆಯಲ್ಲಿ ನೆನೆಯುವುದು ತಪ್ಪುತ್ತದೆ. ಫ್ಲೈಟ್ ತರುವುದು ಮಾತ್ರ ಕಟ್ಟಡದ ಕೈಯಲ್ಲಿಲ್ಲ. ಫ್ಲೈಟ್ ಬರುವುದು, ಬಂದದ್ದು ಉಳಿಯುವುದು ಬೇರೆ ಲೆಕ್ಕ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಸಣ್ಣ ವಿಮಾನ ನಿಲ್ದಾಣಗಳ ಟರ್ಮಿನಲ್‌ನಲ್ಲೇ ಕೆಲಸ ಮಾಡಿದವನು ನಾನು. ಈ ಲೆಕ್ಕವನ್ನು ಊರಿನ ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಅನ್ನುವ ಬೇಸರ ನನಗೆ ಮೊದಲಿಂದಲೂ ಇದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾಂಬ್ರಾ ನಿನ್ನೆ ಮೊನ್ನೆಯ ನಿಲ್ದಾಣವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಪಕ್ಕದಲ್ಲೇ ಭಾರತೀಯ ವಾಯುಪಡೆಯ ತರಬೇತಿ ಶಾಲೆ ಇದೆ. ಆದರೂ ದಶಕಗಳ ಕಾಲ ಇಲ್ಲಿಗೆ ಸಣ್ಣ ವಿಮಾನಗಳೇ ಬರುತ್ತಿದ್ದವು. ರನ್‌ವೇಯನ್ನು 2,300 ಮೀಟರ್‌ಗೆ ಉದ್ದ ಮಾಡಿ, 2017ರ ಸೆಪ್ಟೆಂಬರ್ 14ರಂದು ಹೊಸ ಟರ್ಮಿನಲ್ ತೆರೆದಾಗ ಬೆಳಗಾವಿಯವರು ಎಷ್ಟು ಖುಷಿಪಟ್ಟಿದ್ದರು ಅಂತ ನಿಮಗೆ ನೆನಪಿರಬೇಕು. ಆಮೇಲೆ ಏನಾಯಿತು? ಎಂಟೇ ತಿಂಗಳಿಗೆ, 2018ರ ಮೇ ತಿಂಗಳಲ್ಲಿ, ಇಲ್ಲಿಂದ ಹಾರುತ್ತಿದ್ದ ಸ್ಪೈಸ್‌ಜೆಟ್ ಫ್ಲೈಟ್‌ಗಳು ಹುಬ್ಬಳ್ಳಿಗೆ ಹೋದವು. ಹೊಸ ಕಟ್ಟಡ ಹೆಚ್ಚುಕಡಿಮೆ ಖಾಲಿಯಾಯಿತು.

ಹುಬ್ಬಳ್ಳಿಯ ರನ್‌ವೇ ಉತ್ತಮ ಅಂತಲೋ, ಟರ್ಮಿನಲ್ ಚೆಂದ ಅಂತಲೋ ಹೀಗಾಗಲಿಲ್ಲ. ಸಣ್ಣ ಊರಿನ ಫ್ಲೈಟ್‌ಗೆ ಸಹಾಯಧನ ಕೊಡುವ ಉಡಾನ್ ಯೋಜನೆಯ ಪಟ್ಟಿಯಲ್ಲಿ ಆಗ ಹುಬ್ಬಳ್ಳಿ ಇತ್ತು, ಬೆಳಗಾವಿ ಇರಲಿಲ್ಲ. ಅಷ್ಟೇ ವ್ಯತ್ಯಾಸ. 2019ರಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಹತ್ತಕ್ಕೂ ಹೆಚ್ಚು ಮಾರ್ಗಗಳು ಸಿಕ್ಕವು. ಅದೇ ಕಟ್ಟಡ, ಅದೇ ರನ್‌ವೇ, ಆದರೆ ಈ ಸಲ ಜಾಗ ಸಾಲದಷ್ಟು ಜನ.

ಉಡಾನ್ ಅಂದರೆ ಏನು ಅಂತ ನೋಡೋಣ. ಸಣ್ಣ ಊರಿನಿಂದ ಹಾರುವ ವಿಮಾನದ ಸುಮಾರು ಅರ್ಧ ಸೀಟುಗಳನ್ನು ಕಂಪನಿ ಕಡಿಮೆ ದರಕ್ಕೆ ಕೊಡಬೇಕು. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ ಇಟ್ಟಿದ್ದರು. ಆ ಸೀಟುಗಳಿಂದ ಆಗುವ ನಷ್ಟವನ್ನು ಸರ್ಕಾರ ತುಂಬುತ್ತದೆ. ನೂರಕ್ಕೆ 80ರಷ್ಟು ಕೇಂದ್ರದ ಪಾಲು, 20ರಷ್ಟು ರಾಜ್ಯದ ಪಾಲು. ಕೇಂದ್ರದ ಪಾಲು ಬರುವುದು ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾಕಿದ ಸುಂಕದಿಂದ. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವವರ ಟಿಕೆಟ್‌ನಲ್ಲಿ ನಮ್ಮ ಸಾಂಬ್ರಾದ ಫ್ಲೈಟ್‌ಗೆ ಒಂದಿಷ್ಟು ಪೈಸೆ ಇರುತ್ತದೆ. ಇದು ನನಗೆ ತುಂಬಾ ಇಷ್ಟವಾದ ವಿಚಾರ. ಇದರ ಜೊತೆಗೆ ವಿಮಾನದ ಇಂಧನದ ಮೇಲಿನ ರಾಜ್ಯದ ತೆರಿಗೆ ನೂರಕ್ಕೆ 1ಕ್ಕೆ ಇಳಿಯುತ್ತದೆ. ಆ ಮಾರ್ಗದಲ್ಲಿ ಬೇರೆ ಕಂಪನಿಯ ಪೈಪೋಟಿಯೂ ಇರುವುದಿಲ್ಲ.

ಸಹಾಯಧನವೂ ಪೈಪೋಟಿ ಇಲ್ಲದ ಅನುಕೂಲವೂ ಮೂರು ವರ್ಷ ಮಾತ್ರ. ನಾಲ್ಕನೇ ವರ್ಷ ಸಹಾಯಧನ ನಿಲ್ಲುತ್ತದೆ, ಟಿಕೆಟ್ ದರ ಏರುತ್ತದೆ, ಜನ ಹಿಂದೆ ಸರಿಯುತ್ತಾರೆ, ಫ್ಲೈಟ್ ಹೋಗುತ್ತದೆ. ನೀವು 'ಸದ್ದಿಲ್ಲದೆ ನಿಲ್ಲುತ್ತದೆ' ಅಂದದ್ದು ಬಹುಮಟ್ಟಿಗೆ ಇದನ್ನೇ. ಇದು ಬೆಳಗಾವಿಯೊಂದರ ಗೋಳಲ್ಲ. ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿ 2023ರಲ್ಲಿ ಕೊಟ್ಟ ವರದಿ ನೋಡಿ. ಉಡಾನ್‌ನ ಮೂರನೇ ಸುತ್ತಿನವರೆಗೆ 774 ಮಾರ್ಗಗಳನ್ನು ಹಂಚಿದ್ದರು. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ ಹಾರುತ್ತಿದ್ದದ್ದು ಬರೀ 54. ಈ ಅಂಕಿ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಪ್ರತಿ ಮಾರ್ಗದ ಹಿಂದೆ ಒಂದು ಊರು ಹಚ್ಚಿಕೊಂಡ ಆಸೆ ಇರುತ್ತದೆ, ಅಲ್ವಾ?

ಕೆಲವು ಸಲ ಮಾರ್ಗ ಚೆನ್ನಾಗಿಯೇ ಇರುತ್ತದೆ, ಕಂಪನಿಯೇ ಉಳಿಯುವುದಿಲ್ಲ. ನಮ್ಮ ಭಾಗದ ಎಷ್ಟೋ ಊರುಗಳಿಗೆ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತೇ ಹೋಯಿತು. ಅದರ ಫ್ಲೈಟ್ ನಂಬಿಕೊಂಡಿದ್ದ ಬೀದರ್ ತಿಂಗಳುಗಟ್ಟಲೆ ಖಾಲಿ ಕೂತಿತು. 2023ರಿಂದ ಈಚೆಗೆ ಎಂಜಿನ್ ತೊಂದರೆಯಿಂದ ದೊಡ್ಡ ಕಂಪನಿಗಳ ಹತ್ತಾರು ವಿಮಾನಗಳು ನೆಲದ ಮೇಲೆ ನಿಂತದ್ದೂ ಇದೆ. ಇರುವ ವಿಮಾನ ಕಡಿಮೆಯಾದಾಗ ಕಂಪನಿ ಮೊದಲು ಕೈಬಿಡುವುದು ಲಾಭ ಕಡಿಮೆ ಇರುವ ಸಣ್ಣ ಊರನ್ನೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಣ್ಣ ನಿಲ್ದಾಣದ ಬೆಳವಣಿಗೆಯನ್ನು 'ಎಷ್ಟು ಊರಿಗೆ ಫ್ಲೈಟ್ ಇದೆ' ಅಂತ ಎಣಿಸುವುದು ತಪ್ಪು. ಹತ್ತು ಊರಿಗೆ ವಾರಕ್ಕೆ ಮೂರು ದಿನ ಹಾರುವುದಕ್ಕಿಂತ ಬೆಂಗಳೂರಿಗೆ ಪ್ರತಿದಿನ ಬೆಳಿಗ್ಗೆ ಒಂದು, ಸಂಜೆ ಒಂದು ಫ್ಲೈಟ್ ಇರುವುದು ಎಷ್ಟೋ ಮೇಲು.

ಯಾಕೆ ಅಂತೀರಾ? ಬೆಳಗಾವಿಯಿಂದ ಬೆಂಗಳೂರಿಗೆ ಹೋಗುವವನಿಗೆ ಫ್ಲೈಟ್‌ನ ಎದುರಾಳಿ ಇನ್ನೊಂದು ಫ್ಲೈಟ್ ಅಲ್ಲ, ರಾತ್ರಿಯ ಸ್ಲೀಪರ್ ಬಸ್ಸು ಮತ್ತು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ರಾತ್ರಿ ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ದಿನ ಹಾಳಾಗುವುದಿಲ್ಲ, ಲಾಡ್ಜ್ ಖರ್ಚಿಲ್ಲ. 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ಬೇರೆ ಬಂದಿದೆ, ಎಂಟೂವರೆ ಗಂಟೆಯ ದಾರಿ. ಇವನ್ನು ಗೆಲ್ಲಬೇಕಾದರೆ ಫ್ಲೈಟ್ ಒಂದೇ ಕೆಲಸ ಮಾಡಬೇಕು. ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಮನೆಗೆ ಬಂದು ಮಲಗುವಂತೆ ಇರಬೇಕು. ಮಧ್ಯಾಹ್ನ ಒಂದು ಗಂಟೆಗೆ ಹೊರಡುವ ಫ್ಲೈಟ್ ಇಟ್ಟರೆ, ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಹೋಗುವಷ್ಟರಲ್ಲಿ ಸಂಜೆ. ಎರಡು ದಿನ ಹೋಯಿತು, ದುಡ್ಡೂ ಹೋಯಿತು. ಅಂಥವನು ಮುಂದಿನ ಸಲ ಬಸ್ಸೇ ಹತ್ತುತ್ತಾನೆ.

ವಾರಕ್ಕೆ ಮೂರು ದಿನದ ಫ್ಲೈಟ್‌ನದು ಇನ್ನೂ ಕಷ್ಟ. ಸೋಮವಾರ ಹೋದವನು ಬುಧವಾರದವರೆಗೆ ಕಾಯಬೇಕು. ಬುಧವಾರದ್ದು ಮೋಡದಿಂದ ರದ್ದಾದರೆ ಶುಕ್ರವಾರ. ಮನೆಯಲ್ಲಿ ಮದುವೆ ಇಟ್ಟುಕೊಂಡವರು ಇದನ್ನು ನಂಬುತ್ತಾರಾ? ನಂಬಿಕೆ ಹೋದರೆ ಸೀಟು ಖಾಲಿ. ಸೀಟು ಖಾಲಿಯಾದರೆ ಕಂಪನಿ ಮೂರು ದಿನವನ್ನು ಎರಡಕ್ಕೆ ಇಳಿಸುತ್ತದೆ. ಅಲ್ಲಿಗೆ ಕಥೆ ಮುಗಿಯಿತು ಅಂತಲೇ ಲೆಕ್ಕ.

ಹಾಗಾದರೆ ಬೆಳಿಗ್ಗೆ, ಸಂಜೆ ಯಾಕೆ ಇಡುವುದಿಲ್ಲ? ಬೆಳಿಗ್ಗೆ ಆರೂವರೆಗೆ ಬೆಳಗಾವಿಯಿಂದ ಹೊರಡಬೇಕಾದರೆ ವಿಮಾನ ಹಿಂದಿನ ರಾತ್ರಿ ಇಲ್ಲೇ ತಂಗಬೇಕು. ಅದಕ್ಕೆ ಪಾರ್ಕಿಂಗ್ ಜಾಗ ಬೇಕು. ಪೈಲಟ್ ಮತ್ತು ಸಿಬ್ಬಂದಿಗೆ ಊರಲ್ಲಿ ರೂಮು ಬೇಕು, ಒಬ್ಬ ಎಂಜಿನಿಯರ್ ಇರಬೇಕು. ನಿಲ್ದಾಣ ಬೆಳಗಿನ ಜಾವದಿಂದ ತಡರಾತ್ರಿಯವರೆಗೆ ತೆರೆದಿರಬೇಕು. ಅಂದರೆ ಏರ್ ಟ್ರಾಫಿಕ್ ಕಂಟ್ರೋಲ್, ಅಗ್ನಿಶಾಮಕ, ಸೆಕ್ಯೂರಿಟಿ ಎಲ್ಲದಕ್ಕೂ ಇನ್ನೊಂದು ಪಾಳಿಯ ಜನ ಬೇಕು. ಮುಂಬೈನಂಥ ಕಡೆ ಬೆಳಗಿನ ಸ್ಲಾಟ್, ಅಂದರೆ ಇಳಿಯಲು ಗೊತ್ತುಮಾಡಿದ ಸಮಯ, ಸಿಗುವುದೇ ಕಷ್ಟ. ಊರಿನ ಮುಖಂಡರು ಮಂತ್ರಿಗಳಿಗೆ ಮನವಿ ಕೊಡುವಾಗ 'ಕೊಚ್ಚಿಗೆ ಫ್ಲೈಟ್ ಕೊಡಿ, ಜೈಪುರಕ್ಕೆ ಕೊಡಿ' ಅಂತ ಬರೆಯುತ್ತಾರೆ. ನನ್ನನ್ನು ಕೇಳಿದರೆ 'ರಾತ್ರಿ ಎರಡು ವಿಮಾನ ಇಲ್ಲೇ ತಂಗಲಿ' ಅಂತ ಬರೆಯಿರಿ ಅನ್ನುತ್ತೇನೆ.

ವಿಮಾನದ ಗಾತ್ರದ ಮಾತೂ ಇದೆ. ಏರ್‌ಬಸ್ 320ರಲ್ಲಿ 180ರಷ್ಟು ಸೀಟು. ಎಟಿಆರ್ ಅನ್ನುವ ಸಣ್ಣ ವಿಮಾನದಲ್ಲಿ 70ರಿಂದ 78. ಸ್ಟಾರ್ ಏರ್ ಕಂಪನಿ ಬೆಳಗಾವಿಯಿಂದ ಹಾರಿಸಲು ಶುರುಮಾಡಿದ ಎಂಬ್ರೇಯರ್ 145ರಲ್ಲಿ 50. ದೊಡ್ಡ ವಿಮಾನ ಬಂದರೆ ಊರಿಗೆ ಗೌರವ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ದಿನಕ್ಕೆ 150 ಜನ ಹೋಗುವ ಮಾರ್ಗಕ್ಕೆ ಒಂದು ಏರ್‌ಬಸ್ ಬರುವುದಕ್ಕಿಂತ ಎರಡು ಎಟಿಆರ್ ಬಂದರೆ ನಿಮಗೇ ಅನುಕೂಲ, ಬೆಳಿಗ್ಗೆ ಒಂದು, ಸಂಜೆ ಒಂದು. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ ಲ್ಯಾಂಡಿಂಗ್ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ. ದೆಹಲಿಯಂಥ ದೂರದ ಊರಿಗೆ ದೊಡ್ಡ ವಿಮಾನವೇ ಬೇಕು, ಅದು ಸರಿ. ಅಲ್ಲೂ ಒಂದು ಮಿತಿ ಇದೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಏಪ್ರಿಲ್‌ನ ಸುಡು ಮಧ್ಯಾಹ್ನ ಗಾಳಿ ತೆಳುವಾಗಿರುತ್ತದೆ. ಎಂಜಿನ್‌ಗೂ ರೆಕ್ಕೆಗೂ ಹಿಡಿತ ಕಡಿಮೆ. ತುಂಬಿದ ವಿಮಾನ ಮೇಲೇಳಲು ಜಾಸ್ತಿ ಉದ್ದ ಓಡಬೇಕು. ರನ್‌ವೇ ಸಾಲದಿದ್ದರೆ ಭಾರ ಇಳಿಸಬೇಕು. ಅದಕ್ಕೇ ಬಿಸಿಲುನಾಡಿನ ನಿಲ್ದಾಣಗಳಿಗೆ ಕಟ್ಟಡಕ್ಕಿಂತ ಮೊದಲು ರನ್‌ವೇ ಉದ್ದ ಆಗಲಿ ಅಂತ ನಾವು ಹೇಳುತ್ತಿದ್ದದ್ದು.

ಇಷ್ಟು ಹೇಳಿದ ಮಾತ್ರಕ್ಕೆ ಹೊಸ ಟರ್ಮಿನಲ್ ಬೇಡ ಅಂತ ಅಲ್ಲ. ಖಂಡಿತ ಬೇಕು. 2017ರಲ್ಲಿ ಕಟ್ಟಿದ ಟರ್ಮಿನಲ್ ಸುಮಾರು 3,600 ಚದರ ಮೀಟರ್. ದಟ್ಟಣೆಯ ಹೊತ್ತಿನಲ್ಲಿ 300 ಜನರಿಗೆ ಅಂತ ಮಾಡಿದ್ದು. ಅರ್ಧ ಗಂಟೆ ಅಂತರದಲ್ಲಿ ಎರಡು ಏರ್‌ಬಸ್ ಬಂದವು ಅಂತಿಟ್ಟುಕೊಳ್ಳಿ. ಇಳಿಯುವವರು 360, ಹತ್ತುವವರು 360. 300 ಜನರ ಮನೆಯಲ್ಲಿ 700 ಜನ! ಒಂದು ವಿಮಾನ ಒಂದು ಗಂಟೆ ತಡವಾದರೆ ಸಾಕು, ಕೂರಲು ಕುರ್ಚಿ ಇಲ್ಲ, ಶೌಚಾಲಯದ ಮುಂದೆ ಸಾಲು. 2024ರ ಮಾರ್ಚ್ 10ರಂದು ಹುಬ್ಬಳ್ಳಿ, ಬೆಳಗಾವಿ ಮತ್ತು ಆಂಧ್ರದ ಕಡಪ ಮೂರಕ್ಕೂ ಪ್ರಧಾನಿ ಒಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಮೂರೂ ಮುಗಿದರೆ ಒಟ್ಟು ವರ್ಷಕ್ಕೆ 95 ಲಕ್ಷ ಜನರಿಗೆ ಸಾಕಾಗುತ್ತದೆ ಅನ್ನುವುದು ಸರ್ಕಾರದ ಲೆಕ್ಕ. ಏರೋಬ್ರಿಜ್‌ಗಳೂ ಬರುತ್ತವೆ, ಅಂದರೆ ಟರ್ಮಿನಲ್‌ನಿಂದ ನೇರ ವಿಮಾನದ ಬಾಗಿಲಿಗೆ ನಡೆದು ಹೋಗಬಹುದು. ನಿಮ್ಮ ಅವ್ವನಂಥವರಿಗೆ ಮೆಟ್ಟಿಲಿನ ಕಷ್ಟ ತಪ್ಪುತ್ತದೆ.

ಹುಬ್ಬಳ್ಳಿಯೋ ಬೆಳಗಾವಿಯೋ ಅನ್ನುವ ಜಗಳದ ಬಗ್ಗೆ ಒಂದು ಮಾತು. ಎರಡೂ ಊರಿನವರು ಒಬ್ಬರ ಫ್ಲೈಟ್ ಇನ್ನೊಬ್ಬರಿಗೆ ಹೋಯಿತು ಅಂತ ಬೇಸರ ಮಾಡಿಕೊಳ್ಳುತ್ತಾರೆ. ನಡುವೆ ನೂರು ಕಿಲೋಮೀಟರ್ ಅಂತರವೂ ಸರಿಯಾಗಿ ಇಲ್ಲ. ಬೆಳಗಾವಿಗೆ ಆ ಕಡೆ ಕೊಲ್ಹಾಪುರ, ಈ ಕಡೆ ಗೋವಾ. 2023ರಿಂದ ಗೋವಾದಲ್ಲೇ ಎರಡನೆಯದಾಗಿ ಮೋಪಾ ನಿಲ್ದಾಣವೂ ಶುರುವಾಗಿದೆ. ನಿಜವಾಗಿ ಜನ ಸೋರಿಹೋಗುತ್ತಿರುವುದು ಗೋವಾಕ್ಕೆ, ಅಲ್ಲಿ ಟಿಕೆಟ್ ಅಗ್ಗ, ಫ್ಲೈಟ್ ಹಲವು. ಹುಬ್ಬಳ್ಳಿ-ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ, ಐಐಟಿ ಇದೆ, ದೊಡ್ಡ ವ್ಯಾಪಾರ ಇದೆ. ಬೆಳಗಾವಿಯಲ್ಲಿ ವಿಟಿಯು, ಕೆಎಲ್‌ಇ, ಫೌಂಡ್ರಿಗಳು, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳು, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ. ಎರಡಕ್ಕೂ ಸಾಕಷ್ಟು ಜನ ಇದ್ದಾರೆ. ಒಂದೇ ಊರಿಗೆ ಒಂದೇ ಹೊತ್ತಿಗೆ ಎರಡೂ ಕಡೆಯಿಂದ ಫ್ಲೈಟ್ ಬಿಟ್ಟರೆ ಎರಡೂ ಅರ್ಧ ಖಾಲಿ. ಹೊತ್ತು ಬೇರೆ ಬೇರೆ ಇದ್ದರೆ ಬೈಲಹೊಂಗಲದಲ್ಲಿರುವ ನಿಮಗೆ ನಾಲ್ಕು ಆಯ್ಕೆ ಸಿಕ್ಕಂತೆ.

ಇನ್ನು ಸೇವೆಯ ವಿಷಯ. ಇದರಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಒಂದು ಘಟನೆ ಹೇಳಬೇಕು. ನಾನು ಕೆಲಸ ಮಾಡಿದ ಒಂದು ಸಣ್ಣ ನಿಲ್ದಾಣದಲ್ಲಿ ಹಳ್ಳಿಯ ಒಬ್ಬ ಅಜ್ಜಿ ಮೊದಲ ಸಲ ವಿಮಾನ ಹತ್ತಲು ಬಂದಿದ್ದರು. ಮೊಮ್ಮಗಳ ಬಾಣಂತನಕ್ಕೆ ಹೊರಟಿದ್ದರು. ಕೈಚೀಲದಲ್ಲಿ ಮನೆಯಲ್ಲೇ ಕಾಯಿಸಿದ ಎರಡು ಸೇರು ತುಪ್ಪ. ಸೆಕ್ಯೂರಿಟಿಯಲ್ಲಿ ತೆಗೆಸಿದರು. ನಿಯಮ ಇರುವುದೇ ಹಾಗೆ, ಸಿಬ್ಬಂದಿಯ ತಪ್ಪಿಲ್ಲ. ಆದರೆ ಚೆಕ್‌ಇನ್‌ನಲ್ಲಿ ದೊಡ್ಡ ಬ್ಯಾಗು ಕೊಡುವಾಗಲೇ 'ಅಜ್ಜಿ, ತುಪ್ಪ ಇದ್ದರೆ ಇದರಲ್ಲಿ ಹಾಕಿ' ಅಂತ ಒಬ್ಬರು ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಅಲ್ಲಿ ಬೋರ್ಡು ಇತ್ತು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಗೇಟಿನತ್ತ ಹೋದದ್ದು ಇವತ್ತಿಗೂ ಕಣ್ಣ ಮುಂದಿದೆ. ಮರುದಿನವೇ ಕನ್ನಡದಲ್ಲಿ ಚಿತ್ರ ಸಮೇತ ಬೋರ್ಡು ಬರೆಸಿ ಚೆಕ್‌ಇನ್ ಸಾಲಿನ ಮುಂದೆ ಇಟ್ಟೆವು.

ಸಣ್ಣ ನಿಲ್ದಾಣಕ್ಕೂ ದೊಡ್ಡದಕ್ಕೂ ಇರುವ ವ್ಯತ್ಯಾಸ ಇದೇ. ಇಲ್ಲಿ ಬರುವವರಲ್ಲಿ ಮೊದಲ ಸಲ ಹಾರುವವರು ಜಾಸ್ತಿ. ಅವರಿಗೆ ಹೊಳೆಯುವ ಗ್ರಾನೈಟ್‌ಗಿಂತ ಮಾತಾಡುವ ಮನುಷ್ಯ ಮುಖ್ಯ. ಘೋಷಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷ್‌ನಲ್ಲಿ ಇರಬೇಕು ಅಂತ 2018ರಲ್ಲೇ ನಿಲ್ದಾಣಗಳಿಗೆ ಸೂಚನೆ ಹೋಗಿದೆ. ನೀವು ಹೋದಾಗ ಕನ್ನಡ ಕೇಳಿಸದಿದ್ದರೆ ಅಲ್ಲೇ ಮ್ಯಾನೇಜರ್‌ಗೆ ಹೇಳಿ. ಸುಮ್ನೆ ಬಿಡಬೇಡಿ. ಪ್ರಾಧಿಕಾರ ವರ್ಷಕ್ಕೆ ಎರಡು ಸಲ ಸಣ್ಣ ನಿಲ್ದಾಣಗಳಲ್ಲಿ ಪ್ರಯಾಣಿಕರ ತೃಪ್ತಿಯ ಸಮೀಕ್ಷೆ ಮಾಡಿಸುತ್ತದೆ, 5ಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಫಾರಂ ಹಿಡಿದು ಯಾರಾದರೂ ಬಂದರೆ ಎರಡು ನಿಮಿಷ ಕೊಟ್ಟು ನಿಜ ಬರೆಯಿರಿ. ನಿಲ್ದಾಣದ ನಿರ್ದೇಶಕರು ಆ ಅಂಕವನ್ನು ಬಹಳ ಗಂಭೀರವಾಗಿ ನೋಡುತ್ತಾರೆ.

ನಾನಾಗಿದ್ದರೆ ಹೊಸ ಟರ್ಮಿನಲ್ ಜೊತೆಗೇ ಇನ್ನೊಂದು ಕೇಳುತ್ತಿದ್ದೆ. ಪ್ರತಿ ಫ್ಲೈಟ್ ಬರುವ ಹೊತ್ತಿಗೆ ಹೊಂದಿಕೆಯಾಗಿ ಒಂದು ಬಸ್ಸು. ಸಾಂಬ್ರಾ ಇರುವುದು ಬಾಗಲಕೋಟೆ ರಸ್ತೆಯ ಮೇಲೆ. ಬೆಳಗಾವಿ ಬಸ್ ನಿಲ್ದಾಣಕ್ಕೆ ಒಂದು, ನೇಸರಗಿ ಕಡೆಗೆ ಇನ್ನೊಂದು ಬಸ್ಸು ಬಿಟ್ಟರೆ ಹಳ್ಳಿಯ ಜನಕ್ಕೆ ಟ್ಯಾಕ್ಸಿ ಖರ್ಚು ಉಳಿಯುತ್ತದೆ. ಟಿಕೆಟ್‌ನ ಅರ್ಧ ದುಡ್ಡು ಟ್ಯಾಕ್ಸಿಗೇ ಹೋದರೆ ಯಾರು ಬರುತ್ತಾರೆ?

ಈಗ ನಿಮ್ಮ ಅವ್ವನ ಪ್ರಯಾಣ. ವ್ಹೀಲ್‌ಚೇರ್ ಸಿಗುತ್ತದೆ, ಸಣ್ಣ ನಿಲ್ದಾಣದಲ್ಲೂ ಸಿಗುತ್ತದೆ. ಟಿಕೆಟ್ ಮಾಡುವಾಗಲೇ ಕೇಳಿ. ತಪ್ಪಿದರೆ ಹೊರಡುವ 48 ಗಂಟೆ ಮೊದಲು ಕಂಪನಿಗೆ ಫೋನ್ ಮಾಡಿ ಹೇಳಿ. 'ಮೆಟ್ಟಿಲು ಹತ್ತಲು ಆಗುವುದಿಲ್ಲ' ಅಂತ ಸ್ಪಷ್ಟವಾಗಿ ಹೇಳಬೇಕು, ಬರೀ 'ವ್ಹೀಲ್‌ಚೇರ್ ಬೇಕು' ಅಂದರೆ ಸಾಲದು. ನಡೆಯಲು ಮಾತ್ರ ಕಷ್ಟ ಇರುವವರಿಗೆ ಒಂದು ವ್ಯವಸ್ಥೆ, ಮೆಟ್ಟಿಲೂ ಆಗದವರಿಗೆ ಬೇರೆ ವ್ಯವಸ್ಥೆ. ಏರ್‌ಬಸ್‌ನ ಬಾಗಿಲು ಎತ್ತರ, ಏರೋಬ್ರಿಜ್ ಇಲ್ಲದ ಕಡೆ ಆಂಬ್ಯುಲಿಫ್ಟ್ ಅನ್ನುವ ಎತ್ತುವ ಗಾಡಿಯಲ್ಲಿ ಮೇಲೇರಿಸುತ್ತಾರೆ. ಎಟಿಆರ್ ನೆಲಕ್ಕೆ ಹತ್ತಿರ, ನಾಲ್ಕೈದು ಮೆಟ್ಟಿಲು ಅಷ್ಟೇ. ಮಂಡಿ ನೋವಿನವರಿಗೆ ಎಷ್ಟೋ ಸಲ ಅದೇ ಸುಲಭ.

ಟಿಕೆಟ್ ಯಾವಾಗ ಮಾಡಬೇಕು ಅನ್ನುವುದೂ ಮುಖ್ಯ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಸಣ್ಣ ಊರಿನ ಫ್ಲೈಟ್ ನಿಲ್ಲುವುದು, ಹೊತ್ತು ಬದಲಾಗುವುದು ಹೆಚ್ಚಾಗಿ ಈ ಸಮಯದಲ್ಲೇ. ಆದ್ದರಿಂದ ಆಗಸ್ಟ್‌ನಲ್ಲಿ ಕೂತು ನವೆಂಬರ್‌ನ ಟಿಕೆಟ್ ಮಾಡುವ ಮುಂಚೆ ಹೊಸ ಪಟ್ಟಿ ಬಂದಿದೆಯಾ ನೋಡಿ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇದ್ದರೆ ಬೆಂಗಳೂರು ಫ್ಲೈಟ್‌ನಲ್ಲಿ ಸೀಟು ಸಿಗುವುದು ಕಷ್ಟ, ದರವೂ ಏರುತ್ತದೆ.

ರದ್ದಾದರೆ ನಿಮ್ಮ ಹಕ್ಕು ಏನು ಅಂತ ತಿಳಿದಿರಲಿ. ಎರಡು ವಾರ ಮೊದಲೇ ತಿಳಿಸಿದರೆ ಬೇರೆ ಫ್ಲೈಟ್ ಅಥವಾ ಪೂರ್ತಿ ಹಣ ವಾಪಸ್, ಅಷ್ಟೇ. ತಿಳಿಸದೆ ರದ್ದು ಮಾಡಿದರೆ ಪರಿಹಾರವನ್ನೂ ಕೊಡಬೇಕು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲಿದ್ದರೆ 10,000. ಟಿಕೆಟ್‌ನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ. ಆರು ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ಫ್ಲೈಟ್ ಅಥವಾ ಹಣ ವಾಪಸ್ ಕೇಳಬಹುದು. ಕಂಪನಿ ಕೇಳದಿದ್ದರೆ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಿ. ಆದರೆ ಮಳೆ, ಮಂಜು, ಮೋಡದಿಂದ ರದ್ದಾದರೆ ಪರಿಹಾರ ಇಲ್ಲ, ಟಿಕೆಟ್ ಹಣ ಮಾತ್ರ ಬರುತ್ತದೆ.

ಈ ಮೋಡದ ಮಾತು ಬೆಳಗಾವಿಗೆ ತುಂಬಾ ಅನ್ವಯಿಸುತ್ತದೆ. ಘಟ್ಟ ಹತ್ತಿರ ಇರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ನೆಲದ ಹತ್ತಿರವೇ ಕೂತುಬಿಡುತ್ತದೆ. ಐಎಲ್‌ಎಸ್ ಅನ್ನುವ ಉಪಕರಣದ ನೆರವಿದ್ದರೆ ಪೈಲಟ್‌ಗೆ ರನ್‌ವೇ ಸುಮಾರು 550 ಮೀಟರ್ ದೂರದಿಂದ ಕಂಡರೂ ಇಳಿಯಬಹುದು. ಅದಿಲ್ಲದೆ ಇಳಿಯಬೇಕಾದರೆ ಅದರ ಎರಡು ಮೂರು ಪಟ್ಟು ದೂರ ಕಾಣಬೇಕು. ಕಾಣದಿದ್ದರೆ ಪೈಲಟ್ ಸ್ವಲ್ಪ ಹೊತ್ತು ಸುತ್ತಿ ಬೇರೆ ಊರಿಗೆ ತಿರುಗಿಸುತ್ತಾರೆ. ಕೆಳಗೆ ಕಾಯುವವರಿಗೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಆದರೆ ಅವತ್ತು ಇಳಿಯದೆ ಹೋದ ಪೈಲಟ್ ಸರಿಯಾದ ಕೆಲಸವನ್ನೇ ಮಾಡಿರುತ್ತಾರೆ.

ಹಾಗಾಗಿ ಅವ್ವನನ್ನು ಮಳೆಗಾಲದಲ್ಲಿ ಕರೆದುಕೊಂಡು ಹೋಗಬೇಡಿ. ಸಂಕ್ರಾಂತಿ ಕಳೆದ ಮೇಲೆ, ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಹೊರಡಿ. ಆಧಾರ್ ಕಾರ್ಡ್ ಕೈಯಲ್ಲೇ ಇರಲಿ. ಎರಡು ಗಂಟೆ ಮೊದಲೇ ಬನ್ನಿ, ಚೆಕ್‌ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮಗಳಿಗೆ ಉಪ್ಪಿನಕಾಯಿ, ತುಪ್ಪ ಒಯ್ಯುವುದಿದ್ದರೆ ದೊಡ್ಡ ಬ್ಯಾಗಿನಲ್ಲಿ ಗಟ್ಟಿಯಾಗಿ ಕಟ್ಟಿಡಿ. ಅವ್ವನ ಗುಳಿಗೆ, ನೀರು ಕುಡಿಯಲು ಖಾಲಿ ಬಾಟಲಿ, ಎರಡು ರೊಟ್ಟಿ ಕೈಚೀಲದಲ್ಲಿ ಇರಲಿ. ಸೀಟು ಕೇಳುವಾಗ ಅವ್ವನಿಗೆ ಕಿಟಕಿ ಪಕ್ಕದ್ದು ಕೇಳಿ.